ನನ್ನ ಪುಟಕ್ಕೆ ಬರೆದುಕೊಂಡ ಹಾಡು

ಯುರೋಪಿನ ಆ ಸಂಗೀತಗಾರ ಸತ್ತು ನೂರು ವರ್ಷದ ಮೇಲಾಯಿತು. ಅವನ ಊರಿನಲ್ಲೇ ಅವನನ್ನು ಕೇಳುವವರಿಲ್ಲ. ಅಂಥವನು ನಾಲ್ಕು ತಂತಿವಾದ್ಯಗಳಿಗೆ ಬರೆದ ಕೃತಿಯೊಂದನ್ನು ಶಿವಮೊಗ್ಗದ ನಮ್ಮ ಪಿಯಾನೊ ಮೇಷ್ಟ್ರು ಎಲ್ಲಿಂದಲೋ ತರಿಸಿದರು. ಅವರದು ಚೆಲ್ಲೊ ಎಂಬ ದೊಡ್ಡ ಪಿಟೀಲು, ಅವರ ಮಗಳದು ಎರಡನೇ ಪಿಟೀಲು. ಮೊದಲನೇ ಪಿಟೀಲು ನನಗೇ ಎಂದುಕೊಂಡಿದ್ದೆ. ಕೊಟ್ಟಿದ್ದು ಜನ್ನಾಪುರದ ನನ್ನ ಗೆಳತಿಗೆ.

ಭದ್ರಾವತಿಯಲ್ಲಿ ಒಬ್ಬರೇ ಗುರುಗಳ ಹತ್ತಿರ ಕಲಿತವರು ನಾವು. ಕಾಗದನಗರದ ಕ್ವಾರ್ಟರ್ಸಿನಿಂದ ನಾನು ಜ್ವರ ಬಂದರೂ ಪಾಠಕ್ಕೆ ಹೋಗುತ್ತಿದ್ದೆ. ಅವಳು ವಾರಕ್ಕೆರಡು ದಿನ ತಪ್ಪಿಸಿದರೂ ಶಹಭಾಸ್ ಅವಳಿಗೇ. ಈಗಲೂ ಅದೇ ಕಥೆ. ನನ್ನ ಕೈಗೆ ಬಂದದ್ದು ವಿಯೋಲಾ. ವಿಯೋಲಾ ಎಂದರೆ ನೆಗಡಿಯಾದ ಪಿಟೀಲು. ಹೊಟ್ಟೆ ಉರಿದುಹೋಯಿತು.

ಐದು ಗೆರೆಯ ಇಂಗ್ಲಿಷ್ ಸ್ವರಲಿಪಿ ಅವಳಿಗೆ ಓದಲು ಬಾರದು. ಅವಳ ಪಾಲನ್ನು ಸರಿಗಮದಲ್ಲಿ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂತು. ಇಂಥ ಕೃತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ. ಒಬ್ಬರದು ಇನ್ನೊಬ್ಬರಿಗೆ ಕಾಣದು. ಮೂರನೇ ಭಾಗದಲ್ಲಿ ಮೊದಲನೇ ಪಿಟೀಲಿಗೆ ಒಂದು ಹಾಡಿತ್ತು. ಅಯ್ಯೋ, ಎಂಥ ಹಾಡು! ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿ ಪೂಜಾರಿ ನಾನೇ. ಹಾಡನ್ನು ಒಂದು ಸ್ಥಾಯಿ ಇಳಿಸಿ ನನ್ನ ಪುಟಕ್ಕೆ ಬರೆದುಕೊಂಡೆ. ನನ್ನ ಪಾಲಿನ ಕುಂಯ್ ಕುಂಯ್ ಅವಳ ಪುಟಕ್ಕೆ ಹಾಕಿದೆ. ನಮ್ಮಿಬ್ಬರ ಮೂಲ ಪುಸ್ತಕಗಳು ನನ್ನ ಬೀರುವಿನಲ್ಲಿ. ಯಾರೂ ಕೇಳಿರದ ಕೃತಿ, ಹಿಡಿಯುವವರು ಯಾರು?

ಒಂದು ಭಾನುವಾರ ಶಿವಮೊಗ್ಗದಲ್ಲಿ ನುಡಿಸಿದೆವು. ಆ ಹಾಡಿಗೆ ನಾನು ಜೀವವನ್ನೇ ಹಾಕಿದೆ. ಮುಗಿದ ಮೇಲೆ ಮೇಷ್ಟ್ರು ಎದ್ದು ಬಂದು ಕೈಯಿಟ್ಟಿದ್ದು ಅವಳ ತಲೆಯ ಮೇಲೆ.

"ಹಾಡು ಯಾರು ಬೇಕಾದ್ರೂ ನುಡಿಸ್ತಾರಮ್ಮಾ. ಅದರ ಹಿಂದೆ ನೀನು ಸಾಥ್ ಕೊಟ್ಟೆಯಲ್ಲ, ಅದು ಕಷ್ಟ."

ಕದ್ದ ಮಾಲಿನಲ್ಲೂ ನನಗೆ ಪಾಲಿಲ್ಲ!

ವಾಪಸು ಬರುವಾಗ ಬಸ್ಸು ಮಲವಗೊಪ್ಪ ದಾಟಿತು. ನಾನು ಮುಖ ಗಂಟಿಕ್ಕಿ ಕೂತಿದ್ದೆ. ಅವಳು ನನ್ನ ಕೈ ಹಿಡಿದಳು.

"ಮಾರಾಯ್ತಿ, ಮೇಷ್ಟ್ರು ಏನಾದ್ರೂ ಹೇಳ್ಕೊಳ್ಳಲಿ. ಆ ಹಾಡು ನಿನಗೇ ಸರಿ ಕಣೆ. ನನ್ನ ಪುಸ್ತಕದಲ್ಲಿ ಇದ್ದಿದ್ರೂ ನಿನಗೇ ಕೊಡ್ತಿದ್ದೆ."

"ಸುಳ್ಳು ಹೇಳ್ಬೇಡ" ಎಂದೆ.

"ಅಯ್ಯೋ, ನೀನು ಕೇಳಿದ್ರೆ ಕೊಡದೆ ಇರ್ತೀನಾ?"

ಕೇಳಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಕೊಡುತ್ತಿರಲಿಲ್ಲ. ಜನ್ನಾಪುರದಲ್ಲಿ ಇಳಿದು ಅವಳು ಕೈ ಬೀಸಿದಾಗ ನನಗೆ ನಾಚಿಕೆಯಾಗಬೇಕಿತ್ತು. ಆಗಿದ್ದು, ಅವಳ ಆ ಗುಣದ ಮೇಲೂ ಹೊಟ್ಟೆಕಿಚ್ಚು.