ಸಾರ್ಜೆಂಟ್ ಕಾಕಾನ ವಿಮಾನ ಟೈಪ್ ಮಾಡಿದ್ದು

ಪ್ರಿಂಟರ್‌ನಿಂದ ಹಾಳೆ ಅರ್ಧ ಹೊರಗೆ ಬಂದಿರುವಾಗ ಅದರ ಮೇಲೆ ಅಂಗೈ ಒತ್ತಿ, "ತಡಿಯವ್ವಾ, ಬಾಲ ಬದಲಾಗೈತಿ" ಎನ್ನುವ ಗಿರಾಕಿ ನಿಮಗೆ ಸಿಕ್ಕಿದ್ದಾರಾ? ನನಗೆ ಸಿಕ್ಕಿದ್ದರು. ಒಂದೂವರೆ ವರ್ಷ, ಪ್ರತಿ ಸೋಮವಾರ.

ವೀರಭದ್ರಪ್ಪ ಕಾಕಾ ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡಿ, ಸಾರ್ಜೆಂಟ್ ಆಗಿ ನಿವೃತ್ತರಾದವರು. ಆಮೇಲೆ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್. ಗಣಿ ಅದಿರಿನ ಭರಾಟೆಯ ಕಾಲ ಅದು. ಹೊಸಪೇಟೆಯ ನನ್ನ ಡಿಟಿಪಿ ಅಂಗಡಿ ಮುಂದೆ ಬೆಳಿಗ್ಗೆಯಿಂದಲೇ ಪರ್ಮಿಟ್ ಅರ್ಜಿಗೆ ಲಾರಿಯವರ ಸಾಲು. ಅವರ ನಡುವೆ ಇಸ್ತ್ರಿ ಅಂಗಿಯ ಈ ಮನುಷ್ಯ, ಕಂಕುಳಲ್ಲಿ ಫೈಲು. ಅದರೊಳಗೆ ದೆಹಲಿಯ ವಾಯುಪಡೆ ಕಚೇರಿಗೆ ಕಳಿಸಬೇಕಾದ ಪ್ರಸ್ತಾವ: ನೆಲಕ್ಕೆ ಹತ್ತಿರದಲ್ಲೇ ಹಾರಿ ಬಾಂಬ್ ಹಾಕುವ ಹಳೇ ಸಣ್ಣ ಜೆಟ್ಟನ್ನೇ ತಿದ್ದಿ, ಸರ್ರನೆ ಮೇಲೇರಿ ಶತ್ರು ವಿಮಾನವನ್ನು ಅಡ್ಡಗಟ್ಟುವ ಫೈಟರ್ ಮಾಡುವುದು. ಸರ್ವಿಸ್‌ನಲ್ಲಿದ್ದಾಗ ಇದನ್ನು ಹೇಳಿದ್ದಕ್ಕೆ ಮೇಲಿನ ಅಧಿಕಾರಿ, "ನೀನು ಸ್ಪ್ಯಾನರ್ ಹಿಡಿ" ಅಂದಿದ್ದನಂತೆ. ಸಾಯುವುದರೊಳಗೆ ಅದನ್ನು ಕಾಗದದ ಮೇಲೆ ಸಾಬೀತು ಮಾಡಿ ಕಳಿಸಬೇಕು ಅನ್ನುವುದೊಂದೇ ಆಸೆ.

ಒಂದೇ ಆಸೆ ಅಂತ ನಾನೂ ಒಪ್ಪಿಕೊಂಡೆ. ನನ್ನ ಗೋಳು ಶುರುವಾಯಿತು. ಮೊದಲು ವಿಮಾನದ ಮೂಗಿನಲ್ಲಿ ರೇಡಾರ್ ಕೂರಿಸಿದರು. ಮುಂದಿನ ಸೋಮವಾರ, "ಮೂಗು ಭಾರ ಆತವ್ವಾ, ಬಾಲಕ್ಕ ತೂಕ ಕೊಡಬೇಕು." ಕೊಟ್ಟೆವು. ಒಟ್ಟು ಭಾರ ಹೆಚ್ಚಿತು ಅಂತ ದೊಡ್ಡ ಇಂಜಿನ್ ಬಂತು. ಅದು ಎಣ್ಣೆ ಜಾಸ್ತಿ ಕುಡಿಯುತ್ತದೆ ಅಂತ ಟ್ಯಾಂಕ್ ಬಂತು. ಟ್ಯಾಂಕಿಗೆ ಜಾಗ ಬೇಕು ಅಂತ ರೆಕ್ಕೆ ದಪ್ಪವಾಯಿತು. ರೆಕ್ಕೆ ದಪ್ಪವಾದರೆ ವೇಗ ಹೋಯಿತು. ಪ್ರತಿ ಸಲ ಎಲ್ಲ ಪುಟದ ಅಂಕಿಗಳೂ ಬದಲು, ಹಿಂದೆ ಲಾರಿಯವರ ಗೊಣಗಾಟ.

ಸಂಡೂರಿನ ಲಾರಿ ಮಾಲೀಕ ಬಸಣ್ಣ ಒಮ್ಮೆ ಕೆಣಕಿದ: "ಸಾರ್ಜೆಂಟ್ರ, ನಮ್ಮ ಲಾರಿ ನೋಡ್ರಿ. ಎಷ್ಟ ಹೇರಿದ್ರೂ ಹೋಗತೈತಿ."

"ನಿಂದು ನೆಲ ಹಿಡಕೊಂಡು ಹೋಗತೈತಲೇ. ನಂದು ನೆಲ ಬಿಡಬೇಕು."

ನನಗೂ ಒಂದು ದಿನ ತಾಳ್ಮೆ ಕೆಟ್ಟಿತು. "ಕಾಕಾ, ದೆಹಲಿಯವ್ರು ಇಷ್ಟೆಲ್ಲಾ ಓದಂಗಿಲ್ಲ. ಹಿಂಗ ಕಳಿಸಿಬಿಡ್ರಿ."

"ಓದಂಗಿಲ್ಲ ಅಂತ ತಪ್ಪು ಬರಿಯೂದಾ? ಇದೇನು ನಿಮ್ಮ ಪರ್ಮಿಟ್ ಅರ್ಜಿ ಏನವ್ವಾ?"

ಆ ದಿನ ಅವರಿಗೆ ಚಹಾ ತರಿಸಲಿಲ್ಲ.

ಕೊನೆಗೂ ನಲವತ್ತೊಂದು ಪುಟ ಸಿದ್ಧವಾಯಿತು. ಬೈಂಡ್ ಮಾಡಿಸಿ, ಲಕೋಟೆಗೆ ವಿಳಾಸ ಅಂಟಿಸಿಟ್ಟೆ. ಕಾಕಾ ಬಂದು ಸ್ಟೂಲಿನ ಮೇಲೆ ಕೂತು, ಪೆನ್ಸಿಲ್ ಹಿಡಿದು, ತೂಕ-ವೇಗದ ಒಟ್ಟು ಲೆಕ್ಕವಿದ್ದ ಕೊನೆಯ ಪುಟವನ್ನು ಸಾಲು ಸಾಲಾಗಿ ಮತ್ತೆ ಕೂಡಿಸಿದರು.

"ಎಲ್ಲಾ ಕೂಡಿಸಿ ನೋಡ್ದೆ. ಹಳೇ ವಿಮಾನದ್ದು ಉಳಿಯೂದು ಬರೇ ಕುರ್ಚಿ, ಗಾಜು. ಇಷ್ಟ ಮಾಡಿದ್ರೂ ಜಲ್ದಿ ಮೇಲ ಏರಂಗಿಲ್ಲ. ಕಳಸೂದು ಬ್ಯಾಡ."

ನನಗೆ ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. "ಆ ಕೊನೇ ಪುಟ ತಗದುಬಿಡೂಣು ಕಾಕಾ. ಯಾರಿಗೆ ಗೊತ್ತಾಗತೈತಿ?"

"ಅದರಾಗ ಕುಂತು ಹಾರ್ಸಾವಗ ಗೊತ್ತಾಗತೈತಿ" ಅಂದು, ಲಕೋಟೆ ನನ್ನ ಮೇಜಿನ ಮೇಲೇ ಬಿಟ್ಟು ಕಂಪ್ಲಿ ಬಸ್ಸಿಗೆ ಹೋದರು.

ಮತ್ತೆ ಬರಲಿಲ್ಲ. ಎರಡು ತಿಂಗಳಾದ ಮೇಲೆ, ಕಾಕಾ ತೀರಿಕೊಂಡರು ಅಂತ ಗಿರಣಿಯವರು ಹೇಳಿದರು.

ಕಳಿಸಿದರೆ ದೆಹಲಿಯಲ್ಲಿ ಒಬ್ಬರಾದರೂ ಅವರ ಹೆಸರು ಓದುತ್ತಾರೆ ಅಂತ ಲಕೋಟೆ ಹಿಡಿದು ಎರಡು ಸಲ ಪೋಸ್ಟ್ ಆಫೀಸಿನವರೆಗೂ ಹೋದೆ. ಎರಡೂ ಸಲ ವಾಪಸ್ ತಂದೆ.