ಚೌಕಳಿ ಚೀಲದ ಹೆಸರು

ಲೇಗೋಸಿನ ಆ ಸಂತೆಯಲ್ಲಿ ಚೀಲದ ಹಿಡಿ ಕಿತ್ತುಹೋದರೆ ಜನ ಅರಬಾ ಮಾನ್ಸಾಳ ಹತ್ತಿರವೇ ಬರುವುದು. ಸಿದಿಕತ್ತಳ ಚೀಲದಂಗಡಿಯ ತಗಡಿನ ಸೂರು ಮುಂದಕ್ಕೆ ಚಾಚಿದೆಯಲ್ಲ, ಅದರ ನೆರಳಲ್ಲಿ ಅರಬಾಳ ಹೊಲಿಗೆಯಂತ್ರ. ನಲವತ್ತು ವರ್ಷದಿಂದ ಅಲ್ಲೇ. ಮೆಕ್ಕಾಗೆ ಹೋಗಿ ಬಂದ ಮೇಲೆ ಸಿದಿಕತ್ ಎಲ್ಲರಿಗೂ ‘ಅಲ್ಹಾಜಾ’ ಆದಳು, ಅರಬಾಳಿಗೂ.

ಕೆಂಪು ನೀಲಿ ಚೌಕಳಿಯ ಆ ದೊಡ್ಡ ಪ್ಲಾಸ್ಟಿಕ್ ಚೀಲವನ್ನು ನೀವೂ ನೋಡಿರುತ್ತೀರಿ, ಗಂಟುಮೂಟೆ ಕಟ್ಟಿದವರ ಕೈಯಲ್ಲಿ. ಲೇಗೋಸಿನಲ್ಲಿ ಅದಕ್ಕೆ ‘ಘಾನಾ ತೊಲಗು’ ಎಂದು ಹೆಸರು. ಘಾನಾದವರನ್ನು ದೇಶ ಬಿಡಿಸಿದ ವರ್ಷ ಅಂಟಿದ್ದು, ಇನ್ನೂ ಬಿಟ್ಟಿಲ್ಲ. ಎಳೆಮಕ್ಕಳೂ ಹಾಗೇ ಅನ್ನುತ್ತವೆ, ಕೊಡಕ್ಕೆ ಕೊಡ ಅಂದ ಹಾಗೆ. ಅರಬಾ ಘಾನಾದವಳು. ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ ಎಂದುಕೊಂಡಿದ್ದಳು.

ಒಂದು ದಿನ ಅಲ್ಹಾಜಾಳ ಸೋದರಳಿಯ ವಸಿಯು ಅಂಗಡಿಗೆ ಮೈಕು ಕಟ್ಟಿದ. ಬೆಳಗಿನಿಂದ ಸಂಜೆವರೆಗೆ ಒಂದೇ ಕೂಗು: “ಘಾನಾ ತೊಲಗು, ಘಾನಾ ತೊಲಗು! ಘಾನಾದೋರು ಹೋದ್ರು, ಚೀಲ ಉಳೀತು! ಎಷ್ಟ್ ತುರುಕಿದ್ರೂ ಹರಿಯಲ್ಲ, ಬನ್ನಿ ಬನ್ನಿ!” ಅರಬಾಳ ನೆತ್ತಿಯಿಂದ ಒಂದೇ ಮೊಳ ದೂರ.

ಅವಳ ಮಗಳು ಎಫುವಾ ಅದೇ ಸಂತೆಯಲ್ಲಿ ಜಡೆ ಹೆಣೆಯುವವಳು. ಮೂರು ದಿನ ಹಲ್ಲು ಕಚ್ಚಿಕೊಂಡಿದ್ದಳು. ನಾಲ್ಕನೆಯ ದಿನ, ಸಂತೆಯ ಜಗಳ ತೀರಿಸುವ ಹಿರಿಯಮ್ಮನಿಗೆ ದೂರು ಕೊಟ್ಟೇ ಬಂದಳು.

“ನನ್ನ ಒಂದು ಮಾತು ಕೇಳ್ಬಾರ್ದಿತ್ತೇನೆ?” ಅರಬಾ ಕೈ ಹಿಸುಕಿಕೊಂಡಳು. “ಅಲ್ಹಾಜಾ ಮುನಿಸ್ಕೊಂಡ್ರೆ ಈ ನೆರಳೂ ಹೋಯ್ತು, ಅವಳೂ ಹೋದ್ಲು.”

“ಸ್ಕೂಲಲ್ಲಿ ನನ್ನ ಬೆನ್ನಿಗೆ ಆ ಚೀಲ ಕಟ್ಟಿ ಓಡಿಸ್ತಿದ್ರು. ನಿಂಗೆ ಹೇಳಿರ್ಲಿಲ್ಲ, ಅಷ್ಟೆ. ನಾಳೆ ಹಿರಿಯಮ್ಮ ನಿನ್ನನ್ನೇ ಕೇಳ್ತಾರಮ್ಮ. ನೋವಾಗುತ್ತೋ ಇಲ್ವೋ, ಇದ್ದಿದ್ದನ್ನ ಹೇಳು.”

ಅರಬಾಳ ಕಾಲು ಯಂತ್ರ ತುಳಿಯುತ್ತಿತ್ತು, ಮನಸ್ಸು ಹಳೆಯ ವಠಾರಕ್ಕೆ ಹೋಗಿತ್ತು. ಎಂಥ ದಿನಗಳವು! ಎರಡು ಮನೆಗೂ ಒಂದೇ ಒಲೆ. ಅರಬಾ ಹುಳಿ ಬಂದ ಮೆಕ್ಕೆಜೋಳದ ಹಿಟ್ಟಿನ ಕೆಂಕೆ ಬೇಯಿಸಿದರೆ ಸಿದಿಕತ್ ಮೂಗು ಮುಚ್ಚಿಕೊಂಡು, “ಯಾರದ್ದೇ ಆ ಒದ್ದೆ ಚಪ್ಪಲಿ ಬೇಯ್ತಿರೋದು?” ಎನ್ನುವಳು, ಆಮೇಲೆ ಎರಡು ಉಂಡೆ ಅವಳೇ ತಿನ್ನುವಳು. ಎಂಬತ್ತಮೂರರ ಜನವರಿಯಲ್ಲಿ ರೇಡಿಯೊ ಹೇಳಿತು: ಕಾಗದಪತ್ರವಿಲ್ಲದ ಪರದೇಶದವರಿಗೆ ಎರಡೇ ವಾರ. ಮೂರು ತಿಂಗಳ ಎಫುವಾ ಬೆನ್ನಲ್ಲಿದ್ದಳು. ಸಿದಿಕತ್ತಳೇ ಹೋಗಿ ಚೌಕಳಿ ಚೀಲ ತಂದು, ತಾನುಡುವ ಬಟ್ಟೆಯ ಅಂಚು ಹರಿದು ಹಿಡಿಗೆ ಸುತ್ತಿ ಗಂಟು ಹಾಕಿದಳು. “ದೂರ ಹೊರಬೇಕು, ಕೈ ಕುಯ್ಯುತ್ತೆ” ಅಂದಳು. ಎರಡು ವರ್ಷದ ಮೇಲೆ ಅರಬಾ ಮರಳಿದಾಗ ಅವಳ ಹೊಲಿಗೆಯಂತ್ರ ಸಿದಿಕತ್ತಳ ಮಂಚದ ಕೆಳಗೆ, ಎಣ್ಣೆ ಹಾಕಿಸಿಕೊಂಡು ಕೂತಿತ್ತು.

ಮರುದಿನ ಬಾದಾಮಿ ಮರದ ಕೆಳಗೆ ಹಿರಿಯಮ್ಮ ಕುಳಿತಳು. ಸಂತೆಗೆ ಸಂತೆಯೇ ನೆರೆಯಿತು.

“ಅದು ಚೀಲದ ಹೆಸರು ಹಿರಿಯಮ್ಮ, ಬೈಗುಳ ಅಲ್ಲ” ಎಂದ ವಸಿಯು. “ಬೇರೆ ಹೆಸರು ಕೂಗಿದ್ರೆ ಯಾವ ಗಿರಾಕಿ ಬರ್ತಾನೆ?”

ಉತ್ತರದ ಸೀಮೆಯಿಂದ ಬಂದು ಈರುಳ್ಳಿ ಮಾರುವವನು ಎದ್ದ. “ನಮ್ಮ ಜನಕ್ಕೂ ನೀವು ಏನೇನೋ ಹೆಸರಿಟ್ಟಿದೀರಿ. ನಾವೇನು ಅತ್ಕೊಂಡು ಕೂತಿದೀವಾ?”

“ಹಂಗಾದ್ರೆ ಅದನ್ನೂ ಮೈಕಲ್ಲಿ ಹಾಕ್ಸೋಣ ಅಣ್ಣ, ಬೆಳಗಿಂದ ಸಂಜೆವರೆಗೆ!” ಎಂದಳು ಎಫುವಾ. ಈರುಳ್ಳಿಯವನು ಕೂತ.

ಹಿರಿಯಮ್ಮ ಅರಬಾಳ ಕಡೆ ತಿರುಗಿದಳು. “ನಿಮ್ಮೂರಲ್ಲಿ ಈ ಚೀಲಕ್ಕೆ ಏನಂತಾರಮ್ಮ?”

“‘ಮನೆ ಯಜಮಾನ, ಒಂಚೂರು ಎತ್ತಿ ಹೊರಿಸಪ್ಪ’ ಅಂತಾರೆ ತಾಯಿ.”

ಮರದ ಕೆಳಗೆ ನಗು ಎದ್ದಿತು. ಅಲ್ಹಾಜಾ ನಗಲಿಲ್ಲ. “ಇಷ್ಟು ವರ್ಷ ಇಲ್ಲದ ನೋವು ಈಗೆಲ್ಲಿಂದ ಬಂತು? ಎಫುವಾಳ ಅಮ್ಮಂಗೆ ಏನೂ ಅನ್ಸಲ್ಲ, ನಂಗೊತ್ತು. ಬೇಕಾದ್ರೆ ಕೇಳಿ.”

ಎಲ್ಲರ ಕಣ್ಣೂ ಅರಬಾಳ ಮೇಲೆ. ನೋವಾಗುತ್ತೆ, ಹೌದು ಎಂದರೆ ಗೆಳತಿಗೆ ಅವಮಾನ, ಇಲ್ಲ ಎಂದರೆ ಮಗಳ ಬೆನ್ನಿಗೆ ಮತ್ತೆ ಚೀಲ. ಅವಳು ಹೌದನ್ನೂ ಹೇಳಲಿಲ್ಲ, ಇಲ್ಲವನ್ನೂ ಹೇಳಲಿಲ್ಲ.

“ಸಿದಿಕತ್ತಕ್ಕಾ,” ಎಂದಳು. ವಠಾರದ ಕಾಲದ ಕರೆ ತಾನಾಗಿ ಬಾಯಿಗೆ ಬಂದಿತ್ತು. “ಗಿರಾಕಿ ಹತ್ರ ನೀನು ಆ ಹೆಸರು ಹೇಳ್ತೀಯ. ನನ್ನ ಕಡೆ ತಿರುಗಿದ್ರೆ ‘ಈ ಚೌಕಳಿದು’ ಅಂತೀಯ. ನಲವತ್ತು ವರ್ಷ, ಒಂದು ಸಲನೂ ತಪ್ಪಿಲ್ಲ. ನಾನು ಕೇಳಿಸ್ಕೊಂಡೇ ಬಂದಿದೀನಿ. ಯಾಕೆ ಹಂಗೆ ಅಂತ ನೀನೇ ಹೇಳಕ್ಕಾ.”

ಅಲ್ಹಾಜಾ ತಲೆವಸ್ತ್ರದ ಸೆರಗು ಸರಿಮಾಡಿಕೊಂಡಳು. ಮತ್ತೊಮ್ಮೆ ಸರಿಮಾಡಿಕೊಂಡಳು.

“ವಸಿಯು,” ಎಂದಳು ಅಲ್ಹಾಜಾ, “ಹೋಗಿ ಮೈಕು ಬಿಚ್ಚೋ.” ಆಮೇಲೆ ಅರಬಾಳಿಗೆ, “ಇಷ್ಟು ಜನದ ಮುಂದೆ ಕೇಳ್ಬೇಕಿತ್ತಾ?”

ವಾರವಿಡೀ ಇಬ್ಬರ ನಡುವೆ ಮಾತಿಲ್ಲ. ಆದರೂ ಸೂರಿನ ನೆರಳು ಬಿಡು ಎಂದು ಯಾರೂ ಅನ್ನಲಿಲ್ಲ. ಎಂಟನೆಯ ದಿನ ಅರಬಾಳ ಮಡಿಲಿಗೆ ಒಂದು ಚೀಲ ಬಂದು ಬಿತ್ತು.

“ಈ ಚೌಕಳಿದು ಹಿಡಿ ಕಿತ್ತಿದೆ.”

ಅರಬಾ ಹೊಲಿದಳು. ಹೊಲಿದ ಮೇಲೆ ತನ್ನ ಹಳೆಯ ಬಟ್ಟೆಯ ಅಂಚು ಹರಿದು ಹಿಡಿಗೆ ಸುತ್ತತೊಡಗಿದಳು. ಅಲ್ಹಾಜಾ ನಿಂತು ನೋಡುತ್ತಿದ್ದವಳು ಪಕ್ಕದ ಮಣೆ ಎಳೆದು ಕೂತಳು.

“ಗಂಟು ಬಿಗಿಯಾಗಿ ಹಾಕೇ,” ಎಂದಳು. “ಕೈ ಕುಯ್ಯುತ್ತೆ.”