ಗಾಡಿಯ ಸುಳಿ ಹೇಳುವ ಹುಲಗಪ್ಪ

ಗದುಗಿನ ಸ್ಟೇಶನ್ ರಸ್ತೆಯ ಚಹಾದಂಗಡಿಗಳಲ್ಲಿ ಇನ್ನೂ ಒಲೆ ಹೊತ್ತಿಲ್ಲ. ಮೋಟಾರು ಏಜೆನ್ಸಿಯ ಅಂಗಳದಲ್ಲಿ ಹುಲಗಪ್ಪ ಧೋತರವನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿ, ಹಸಿರು ಬಣ್ಣದ ಕಾರಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಾನೆ. ಕೈಯಲ್ಲಿ ತೆಂಗಿನ ನಾರು. ಟಾಯರಿನ ಸಂದಿಗೆ ಸಿಕ್ಕ ಎರಿಮಣ್ಣನ್ನು ಕೆರೆದು ಕೆರೆದು ತೆಗೆಯುತ್ತಿದ್ದಾನೆ. ನಮ್ಮ ಕಡೆಯ ಎರಿಮಣ್ಣು ಒಮ್ಮೆ ಹಿಡಿದರೆ ಬಿಡುವ ಜಾತಿಯದಲ್ಲ. ನಾಲ್ಕೂ ಚಕ್ರ ಮುಗಿದ ಮೇಲೆ ಮುಂದಿನ ಮುಚ್ಚಳ ಎತ್ತಿ, ರೇಡಿಯೇಟರಿಗೆ ನೀರು ಹೊಯ್ದು, ಇನ್ನೊಂದು ಡಬ್ಬಿ ತುಂಬ ನೀರನ್ನು ಹಿಂದಿನ ಡಿಕ್ಕಿಯಲ್ಲಿ ಇಡುತ್ತಾನೆ.

"ಬರ್ರಿ ಸಾಹೇಬ್ರ, ಒಳಗ ಕುಂಡ್ರಿ. ಆದ್ರ ಮೊದಲ ಕಾಲು ಝಾಡಿಸ್ರಿ," ಎಂದು ನನಗೆ ಅಪ್ಪಣೆಯಾಗುತ್ತದೆ. ಪತ್ರಿಕೆಯವನೆಂಬ ಮುಲಾಜು ಅವನಿಗಿಲ್ಲ. ನಾನು ಚಪ್ಪಲಿ ಬಡಿದುಕೊಂಡು ಹತ್ತಿ ಕುಳಿತುಕೊಳ್ಳುತ್ತೇನೆ.

ಹುಲಗಪ್ಪನ ಕೆಲಸಕ್ಕೆ ನಮ್ಮಲ್ಲಿ ಇನ್ನೂ ಹೆಸರು ಹುಟ್ಟಿಲ್ಲ. ಕಾರು ಕೊಳ್ಳುವ ಮನಸ್ಸಾದವರಿಗೆ ತೋರಿಸಲೆಂದೇ ಏಜೆನ್ಸಿಯವರು ಒಂದು ಕಾರನ್ನು ಬೇರೆ ಇಟ್ಟಿರುತ್ತಾರೆ. ಅದು ಮಾರುವುದಕ್ಕಲ್ಲ, ಹತ್ತಿಸಿ, ಓಡಿಸಿ, ಆಸೆ ಹುಟ್ಟಿಸುವುದಕ್ಕೆ. ಆ ಕಾರಿನ ಚಾಲಕ ಹುಲಗಪ್ಪ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಎಲ್ಲಿ ಯಾವ ಸಾಹುಕಾರರು "ಒಂದು ಮೋಟಾರ ನೋಡೂಣು" ಅಂದರೂ ಇವನು ಹೋಗಬೇಕು. ಮೂರು ವರ್ಷ ಎರಡು ತಿಂಗಳಲ್ಲಿ ಈ ಹಸಿರು ಕಾರು ಹದಿನಾಲ್ಕು ಸಾವಿರ ಮೈಲು ಓಡಿದೆ. ಅದರ ಸ್ಟಿಯರಿಂಗ್ ಹಿಡಿದ ಗಿರಾಕಿಗಳು ಇನ್ನೂರಕ್ಕೂ ಹೆಚ್ಚು, ಅವರಲ್ಲಿ ಅರ್ಧಕ್ಕರ್ಧ ಜನ ಅಂದೇ ಮೊದಲ ಸಲ ಹಿಡಿದವರು. ಇದನ್ನು ನೋಡಿ ಹೊಸ ಕಾರು ಕೊಂಡವರು ಮೂವತ್ತೊಂದು ಮಂದಿ. ಮೂವತ್ತೊಂದು ಸಲವೂ ಅಂಗಡಿಯ ಮುಂದೆ ಹಾರ ಹಾಕಿ ಫೋಟೋ ತೆಗೆದಿದ್ದಾರೆ. ಒಂದರಲ್ಲೂ ಹುಲಗಪ್ಪ ಇಲ್ಲ.

"ಮುಂಡರಗ್ಯಾಗ ಒಂದು ಮನಿಯವರು ಹನ್ನೊಂದು ಮಂದಿ ಹತ್ತಿದ್ರು. ಗಾಡಿ ಎಷ್ಟು ಓಡ್ತೈತಿ ಅಂತ ಯಾರೂ ಕೇಳಲಿಲ್ಲ, ಎಷ್ಟು ಮಂದಿ ಹಿಡೀತೈತಿ ಅಂತ ಕೇಳಿದ್ರು," ಎಂದು ನಗುತ್ತಾನೆ. ಸಿಂಗಟಾಲೂರಿನ ಹೊಳೆದಂಡೆಯಲ್ಲಿ ಒಬ್ಬ ಹಿರಿಯರು ಆಚೆ ದಂಡೆಯನ್ನು ತೋರಿಸಿ, "ಅದು ಮೈಸೂರು, ಇದು ಮುಂಬಯಿ. ನಿನ್ನ ಗಾಡಿ ಎರಡೂ ರಾಜ್ಯದಾಗ ಓಡ್ತೈತೇನು?" ಅಂದರಂತೆ. ಈ ನವೆಂಬರ್ ಒಂದಕ್ಕೆ ಎರಡೂ ದಂಡೆ ಒಂದೇ ರಾಜ್ಯವಾಗಿ ಆ ಹಿರಿಯರ ಚಿಂತೆ ತೀರುತ್ತದೆ, ಬಿಡಿ.

ಹುಲಗಪ್ಪನದು ಶಿರಹಟ್ಟಿ ಕಡೆಯ ಮಾಗಡಿ. ಅಪ್ಪ ದನದ ಪೇಟೆಯ ದಲ್ಲಾಳಿ. ಟವೆಲಿನ ಕೆಳಗೆ ಬೆರಳು ಹಿಡಿದು ಎತ್ತಿನ ವ್ಯಾಪಾರ ಕುದುರಿಸುತ್ತಿದ್ದವನು. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡಿರುವ ಸುಳಿಗಳಿರುತ್ತವಲ್ಲ, ಕೆಟ್ಟ ಸುಳಿ ಇದ್ದರೆ ಅದನ್ನು ಮೊದಲೇ ಬೆರಳಿಟ್ಟು ತೋರಿಸಬೇಕೆಂಬುದು ಪೇಟೆಯ ರಿವಾಜು. ಮುಚ್ಚಿಟ್ಟು ಮಾರಿದವನ ಹತ್ತಿರ ಮುಂದಿನ ಪೇಟೆಯಲ್ಲಿ ಯಾರೂ ಸುಳಿಯುವುದಿಲ್ಲ. ಯುದ್ಧದ ಕಾಲದಲ್ಲಿ ಪುಣೆಯ ಕಡೆ ಮಿಲಿಟರಿ ಲಾರಿಗಳ ಕ್ಲೀನರನಾಗಿ ಹೋಗಿ, ಚಾಲಕನಾಗಿ ಮರಳಿದ ಹುಲಗಪ್ಪ ಅಪ್ಪನ ರಿವಾಜನ್ನು ಕಾರಿಗೂ ಹಚ್ಚಿದ. ಗಿರಾಕಿ ಹತ್ತಿ ಕುಳಿತ ಕೂಡಲೇ ಮೊದಲ ಮಾತು, "ಇದರ ಸುಳಿ ಹೇಳ್ತೀನಿ, ಕೇಳ್ರಿ." ಎರಿಹೊಲದಲ್ಲಿ ಹೂತರೆ ತಾನಾಗಿ ಏಳುವುದಿಲ್ಲ, ಏರಿನಲ್ಲಿ ಉಸಿರು ಹಿಡಿಯುತ್ತದೆ, ಹಿಂದಿನ ಸೀಟಿನಲ್ಲಿ ಮೂವರಿಗಿಂತ ಹೆಚ್ಚು ಕೂತರೆ ಬುಡ ನೆಲಕ್ಕೆ ತಾಗುತ್ತದೆ. ಏಜೆನ್ಸಿಯ ಮಾಲೀಕರಾದ ಚನ್ನಬಸವಣ್ಣನವರು ಮೊದಮೊದಲು ಹಣೆ ಹಣೆ ಬಡಿದುಕೊಂಡರಂತೆ. ಆಮೇಲೆ ಗಿರಾಕಿಗಳೇ "ಆ ಸುಳಿ ಹೇಳುವವನನ್ನ ಕಳಸ್ರಿ" ಎಂದು ಚೀಟಿ ಕಳಿಸತೊಡಗಿದಾಗ ಸುಮ್ಮನಾದರು.

ಈಗ ಆ ಹಸಿರು ಕಾರೇ ಮಾರಾಟಕ್ಕೆ ಬಂದಿದೆ. ದೀಪಾವಳಿಗೆ ಹೊಸದೊಂದು ಬರುತ್ತದೆ, ಹಳೆಯದಕ್ಕೆ ಮನೆ ನೋಡಬೇಕು. ಇಂಥ ಕಾರನ್ನು ಕೊಳ್ಳುವುದು ಜಾಣತನವೋ ಪೆದ್ದತನವೋ ಎಂದು ನಾನು ಕೇಳುತ್ತೇನೆ. ನನಗೇನೂ ಕೊಳ್ಳುವ ಯೋಗವಿಲ್ಲ. ಸೈಕಲ್ಲಿನ ಹಿಂದಿನ ಟಾಯರು ಬದಲಿಸಲಿಕ್ಕೇ ಆರು ತಿಂಗಳಿಂದ ಮುಹೂರ್ತ ನೋಡುತ್ತಿದ್ದೇನೆ.

"ಎರಡೂ ಹೇಳ್ತೀನ್ರಿ," ಎನ್ನುತ್ತಾನೆ. "ಹೊಸಾದು ಬೇಕಂದ್ರ ಹೆಸರು ಹಚ್ಚಿ ಎರಡು ವರ್ಸ ಕಾಯಬೇಕು. ಇದು ಇವತ್ತ ಕೇಳಿದ್ರ ಇವತ್ತ ಮನಿಗೆ. ಕಿಮ್ಮತ್ತೂ ಇಳದಿರ್ತದ. ಹುಟ್ಟಾ ಬಂದ ಕೊರತಿ ಏನಿರ್ತಾವ, ಅವೆಲ್ಲಾ ನಮ್ಮ ಕೈಯಾಗ ಹೊರಗ ಬಿದ್ದು ರಿಪೇರಿ ಆಗಿರ್ತಾವ. ಎಣ್ಣಿ ಹೊತ್ತೊತ್ತಿಗೆ ಬದಲಾಗಿರ್ತದ. ಅಂಗಡಿ ಮರ್ಯಾದಿ ಪ್ರಶ್ನಿ ನೋಡ್ರಿ, ಬಾಣಂತಿ ಜೋಪಾನ ಮಾಡಿದಂಗ ಮಾಡಿರ್ತೀವಿ."

ಆಮೇಲೆ ಇನ್ನೊಂದು ಮಗ್ಗುಲು ಹೇಳುತ್ತಾನೆ. "ಆದ್ರ ಇನ್ನೂರು ಮಂದಿ ಕೈ ಆಡೇತಿ. ಒಬ್ಬಾಂವ ಕ್ಲಚ್ ಮ್ಯಾಲೆ ಕಾಲಿಟ್ಟು ಮಲಗ್ತಾನ, ಇನ್ನೊಬ್ಬಾಂವ ಗೇರ್ ಹಾಕೂದಂದ್ರ ಗೂಟ ಬಡದಂಗ ಬಡೀತಾನ. ಕಂಪನಿ ಕೊಟ್ಟ ಗ್ಯಾರಂಟಿ ಕಾಗದದ ದಿನಾ ನಾವು ರಸ್ತೆಗೆ ಇಳಿಸಿದಾಗಿಂದನ ಸುರು, ಕೊಂಡವರ ಕೈಗೆ ಬರೂದು ಬರೇ ಬಾಲ. ನಾಳೆ ತಿರುಗಿ ಮಾರಬೇಕಂದ್ರ ಎರಡನೇ ಕೈ ಗಾಡಿ ಅಂತಾರ. ಹೊಸಾದು ಅಂತ ಮೈಮರೀಬಾರದು, ಹಳೇದು ಅಂತ ಮೂಗು ಮುರೀಬಾರದು. ಯಾರ ಕೈಯಾಗ ಇತ್ತು ಅನ್ನೂದು ಕೇಳಬೇಕು, ಅಷ್ಟ."

ಇಂದಿನ ಗಿರಾಕಿ ಲಕ್ಷ್ಮೇಶ್ವರದ ಶೇಂಗಾ ವ್ಯಾಪಾರಿ ಮುದಕಪ್ಪ. ನವೆಂಬರ್ ಒಂದರಂದು ಕನ್ನಡನಾಡು ಒಂದಾಗುವ ಸಂಭ್ರಮಕ್ಕೆ ಗದುಗಿಗೆ ಸ್ವಂತ ಕಾರಿನಲ್ಲೇ ಬರಬೇಕೆಂಬುದು ಅವರ ಹಟ. ಅದಕ್ಕೆ ಉಳಿದಿರುವುದು ಹದಿನೆಂಟೇ ದಿನ. ಲಕ್ಷ್ಮೇಶ್ವರ ಬೇರೆ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಗಡಿಯ ನಾಕಾದಲ್ಲಿ ಚಕ್ಕಡಿ ನಿಲ್ಲಿಸಿ ಸುಂಕಕ್ಕಾಗಿ ಜಗಳಾಡಿದ ದಾರಿಯಲ್ಲೇ ಅವರಿಗೆ ಕಾರಿನಲ್ಲಿ ಹೋಗಬೇಕಾಗಿದೆ. ಲಕ್ಷ್ಮೇಶ್ವರದ ಮನೆಯ ಮುಂದೆ ಅವರೂ ಅವರ ಹೆಂಡತಿ ನೀಲಗಂಗವ್ವನವರೂ ಹತ್ತಿ ಹಿಂದೆ ಕುಳಿತುಕೊಳ್ಳುತ್ತಾರೆ. ಹುಲಗಪ್ಪ ಸುಳಿ ಹೇಳತೊಡಗುತ್ತಾನೆ. ಕ್ಲಚ್ಚಿನದು, ಗೇರಿನದು, ಎಡಗಡೆಯ ಬಾಗಿಲಿನದು. ಮುದಕಪ್ಪ ಖುಷಿಯಾಗಿ, "ಇಷ್ಟ ಹೌದಲ್ಲೋ? ಹಂಗಾರ ಆತು, ಸಂಜಿಕ ಬಂದು ಮಾತು ಮುಗಸ್ತೀನಿ," ಎನ್ನುತ್ತಾರೆ.

ಶಿರಹಟ್ಟಿಯ ಕಡೆ ಹೋಗಿ ತಿರುಗಿ, ಮಾಗಡಿ ಕೆರೆಯ ಏರಿ ಕಾಣುವ ಹೊತ್ತಿಗೆ ನೀಲಗಂಗವ್ವ ಮೊದಲ ಸಲ ಬಾಯಿ ತೆರೆಯುತ್ತಾರೆ. "ಯಪ್ಪಾ ಹುಲಗಪ್ಪ, ನಮ್ಮಪ್ಪ ಎತ್ತು ತರಾಕ ಹೋದಾಗ ಒಂದು ಮಾತು ಕೇಳ್ತಿದ್ದ. ಇದನ್ನ ನಿಮ್ಮನಿ ಗ್ವಾದ್ಲಿಗೆ ಕಟ್ಟತೀಯೇನು ಅಂತ. ನಾನೂ ಕೇಳ್ತೀನಿ. ನಿನಗ ಶಕ್ತಿ ಇದ್ರ ಈ ಗಾಡಿ ನೀ ತಗೋತಿದ್ದೇನು?"

ದನದ ಪೇಟೆಯಲ್ಲಿ ಈ ಪ್ರಶ್ನೆ ಬಂದ ಮೇಲೆ ದಲ್ಲಾಳಿ ಸುಳ್ಳು ಹೇಳುವಂತಿಲ್ಲ. ಹುಲಗಪ್ಪ ಕಾರನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸುತ್ತಾನೆ. ಇಳಿದು, ಮುಚ್ಚಳ ಎತ್ತಿ, ಗಂಡಹೆಂಡತಿ ಇಬ್ಬರನ್ನೂ ಕರೆಯುತ್ತಾನೆ.

"ಇಲ್ಲಿ ನೋಡ್ರಿ ಅವ್ವಾರ. ಎಂಜಿನ್ ಮ್ಯಾಗಿನ ಹೆಡ್ಡು ಸೀಳಿತ್ತು. ಬೆಸಿಗಿ ಹಾಕಿಸೀನಿ. ಇಪ್ಪತ್ತು ಮೈಲಿಗೊಮ್ಮೆ ನೀರು ಕುಡೀತೈತಿ. ನಮ್ಮ ಸಾವಕಾರ್ರಿಗೂ ಗೊತ್ತಿಲ್ಲ."

ಮೂರು ತಿಂಗಳ ಹಿಂದಿನ ಕಥೆ ಹೊರಗೆ ಬರುತ್ತದೆ. ಬಾಳೆಹೊಸೂರಿನ ಒಂದು ಮನೆಗೆ ತೋರಿಸಲು ಹೋಗಿದ್ದಾನೆ. ಬಿಸಿಲಲ್ಲಿ ಓಡಿ ಕಾದ ಎಂಜಿನ್ನು ಆರಲೆಂದು ಮುಚ್ಚಳ ತೆರೆದಿಟ್ಟು ಊಟಕ್ಕೆ ಕುಳಿತಿದ್ದಾನೆ. ಹೊಸ ಎತ್ತು ಮನೆಗೆ ಬಂದರೆ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿ ಬರಮಾಡಿಕೊಳ್ಳುವುದು ನಮ್ಮ ಪದ್ಧತಿಯಲ್ಲವೇ? ಆ ಮನೆಯ ಅಜ್ಜಿ ನಾಲ್ಕೂ ಚಕ್ರಕ್ಕೆ ನೀರು ಹಾಕಿ ಕುಂಕುಮ ಹಚ್ಚಿದ್ದಾಳೆ. ಆಮೇಲೆ ತೆರೆದ ಬಾಯಿಂದ ಹಬೆ ಏಳುವುದನ್ನು ಕಂಡು, "ಅಯ್ಯ ನನ ಶಿವನ, ಎಷ್ಟು ಏದುಸಿರು ಬಿಡಾಕತ್ತೈತಿ, ಬಾಯಾರಿರಬೇಕು," ಎಂದು ಭಾವಿಯ ತಣ್ಣೀರು ಒಂದು ಕೊಡ ಪೂರ್ತಿ ಎಂಜಿನ್ನಿನ ಮೇಲೆ ಸುರಿದಿದ್ದಾಳೆ. ಒಳಗೆ ಊಟ ಮಾಡುತ್ತಿದ್ದ ಹುಲಗಪ್ಪನಿಗೆ ಟಣ್ ಎಂಬ ಸದ್ದು ಕೇಳಿದೆ.

"ಆಕಿದು ತಪ್ಪಲ್ರಿ. ಆಕಿ ಕರುಣಾದಿಂದ ಹಾಕಿದ್ಲು. ಮುಚ್ಚಳ ತೆರೆದಿಟ್ಟು ಹೋದಾಂವ ನಾ." ಆ ಅಜ್ಜಿಯ ಹೆಸರು ಬರೆಯಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಬರೆದಿಲ್ಲ. ಬೆಟಗೇರಿಯ ಮೆಕ್ಯಾನಿಕ್ ದಾದಾಪೀರ ಗುಟ್ಟಾಗಿ ಬೆಸುಗೆ ಹಾಕಿಕೊಟ್ಟಿದ್ದಾನೆ. ಇಷ್ಟು ದಿನ ಕಾರು ತೋರಿಸುವುದಕ್ಕಷ್ಟೇ ಇದ್ದುದರಿಂದ ಹುಲಗಪ್ಪ ನೀರು ಹೊಯ್ಯುತ್ತಾ ದಿನ ನೂಕಿದ್ದಾನೆ. ಯಾರಾದರೂ ಕೊಂಡುಕೊಂಡು ಮನೆಮಂದಿಯನ್ನು ಕೂರಿಸಿಕೊಂಡು ಹೊರಟರೆ ಗತಿಯೇನು ಎಂಬ ಚಿಂತೆ ಹತ್ತಿದ್ದು ಮಾರಾಟದ ಸುದ್ದಿ ಬಂದ ಮೇಲೆ.

ಮುದಕಪ್ಪನ ಮುಖ ಕೆಂಪಾಗುತ್ತದೆ. "ಎಲ್ಲಾ ಸುಳಿ ಹೇಳಿ ಇದನ್ನೊಂದು ನುಂಗಿದ್ದೆಲ್ಲೋ! ಈಕಿ ಕೇಳದಿದ್ರ?" ಹುಲಗಪ್ಪ ತಲೆ ತಗ್ಗಿಸಿ, "ಕೇಳದಿದ್ರ ಹೇಳ್ತಿದ್ನೋ ಇಲ್ಲೋ, ನನಗೂ ಗೊತ್ತಿಲ್ರಿ," ಎನ್ನುತ್ತಾನೆ. ಇಷ್ಟು ನಿಜ ಹೇಳುವ ಅಗತ್ಯ ಅವನಿಗಿರಲಿಲ್ಲ. ಗಂಡಹೆಂಡತಿ ಇಬ್ಬರೂ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋಗುತ್ತಾರೆ.

"ಬೇರೆಯವರ ಬಾಯಿಂದ ಸಾವಕಾರ್ರಿಗೆ ಗೊತ್ತಾಗಬಾರದು," ಎಂದು ಹುಲಗಪ್ಪ ಗದುಗಿಗೆ ಕಾರು ತಿರುಗಿಸುತ್ತಾನೆ. ದಾರಿಯಲ್ಲಿ ಒಮ್ಮೆ ನಿಂತು ನೀರು ಹೊಯ್ಯುತ್ತಾನೆ. ಅಂಗಡಿಯಲ್ಲಿ ಚನ್ನಬಸವಣ್ಣನವರ ಮುಂದೆ ನಿಂತು ಎಲ್ಲವನ್ನೂ ಹೇಳುತ್ತಾನೆ. ಬೈಗುಳ ಕೇಳಲು ನಾನೂ ಸಜ್ಜಾಗಿ ನಿಂತಿದ್ದೇನೆ. ಆದರೆ ಅವರು ದನಿ ಎತ್ತುವುದಿಲ್ಲ.

"ಗಿರಾಕಿ ಮುಂದ ಹೇಳಿದ್ದು ತಪ್ಪಲ್ಲ," ಎನ್ನುತ್ತಾರೆ. "ಮೂರು ತಿಂಗಳ ದಿನಾ ಮುಂಜಾನೆ ನನ್ನ ಮುಂದ ಬಂದು ನಿಂತೀರಿ. ನನಗ್ಯಾಕ ಹೇಳಲಿಲ್ರಿ?"

"ಅಂಜಿದೆ ಸಾವಕಾರ್ರ. ಕೆಲಸಾ ಹೋಗ್ತೈತಂತ ಅಂಜಿದೆ."

"ಅಂಜೂವಂಗ ನಾ ಏನು ಮಾಡಿದ್ದೆ?"

"ಕೀಲಿ ಅಲ್ಲಿ ಇಟ್ಟು ಹೋಗ್ರಿ, ಹುಲಗಪ್ಪನವರ," ಎಂದು ಮಾಲೀಕರು ಮೇಜಿನ ಕಡೆ ಕೈ ತೋರಿಸುತ್ತಾರೆ. ಅವನು ಕೀಲಿ ಇಟ್ಟು ಹೊರಗೆ ಬಂದು, ಟವೆಲಿನಿಂದ ಮುಖ ಮುಚ್ಚಿಕೊಂಡು ಅಳುತ್ತಾನೆ. ಐವತ್ತರ ಹತ್ತಿರದ ಗಂಡಸು ಬೀದಿಯಲ್ಲಿ ನಿಂತು ಅಳುವುದನ್ನು ನೋಡುವುದು ಕಷ್ಟ.

ಎಂಟು ದಿನ ಬಿಟ್ಟು ಮತ್ತೆ ಹೋಗುತ್ತೇನೆ. ಹಸಿರು ಕಾರು ಮುಚ್ಚಳ ತೆರೆದು ನಿಂತಿದೆ, ಹೊಸ ಹೆಡ್ಡು ಮುಂಬಯಿಯಿಂದ ಬರಬೇಕು. ಲಕ್ಷ್ಮೇಶ್ವರದ ಬಸ್ ಕಂಡಕ್ಟರನ ಕೈಯಲ್ಲಿ ನೀಲಗಂಗವ್ವ ಮಾತು ಕಳಿಸಿದ್ದಾರೆ. ಹೊಸ ಹೆಡ್ಡು ಕೂತು, ಹುಲಗಪ್ಪ ನೋಡಿ ಹೂಂ ಅಂದರೆ ಕಾರು ತಮಗೇ ಇರಲಿ. ನವೆಂಬರ್ ಒಂದಕ್ಕೆ ಬಸ್ಸಿನಲ್ಲೇ ಬರುತ್ತಾರಂತೆ, ಮುದಕಪ್ಪನವರ ಹಟವನ್ನು ತಾವು ನೋಡಿಕೊಳ್ಳುತ್ತಾರಂತೆ. ಚನ್ನಬಸವಣ್ಣನವರು ಹುಲಗಪ್ಪನನ್ನು ಕೆಲಸದಿಂದ ತೆಗೆದಿಲ್ಲ. ನಿನ್ನೆ ಕೀಲಿಯನ್ನೂ ತಿರುಗಿ ಕೊಟ್ಟಿದ್ದಾರೆ. ದೀಪಾವಳಿಗೆ ಬರುವ ಹೊಸ ಕಾರೂ ಇವನ ಕೈಗೇ.

"ಹಂಗಾರ ಎಲ್ಲಾ ಸರಿ ಆತಲ್ಲ ಹುಲಗಪ್ಪ? ಇನ್ನೇನು ಬೇಕು?" ಎಂದು ಕೇಳುತ್ತೇನೆ.

ಕೀಲಿಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾನೆ. ಒಳಗೆ ಗಾದಿಯ ಮೇಲೆ ಕುಳಿತ ಮಾಲೀಕರ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಹೇಳುತ್ತಾನೆ.

"ಮೂರು ವರ್ಸ ಆ ಮನಶ್ಯಾ ನನ್ನ ಲೇ ಹುಲಗ್ಯಾ ಅಂತ ಕರೀತಿದ್ರು ಸಾಹೇಬ್ರ. ಎಂಟು ದಿನಾ ಆತು, ಹುಲಗಪ್ಪನವರ ಬರ್ರಿ, ಹುಲಗಪ್ಪನವರ ಹೋಗ್ರಿ ಅಂತಾರ. ಒಮ್ಮೆ ಲೇ ಅಂದ್ರ ಸಾಕ್ರಿ, ಮತ್ತೇನೂ ಬ್ಯಾಡ."